ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಹಿರಿಯೂರು ಬರುವ ಹೊತ್ತಿಗೆ ನನಗೆ ತಾನಾಗೇ ಎಚ್ಚರ ಆಗುತ್ತೆ. ಕಿಟಕಿ ಸರಿಸಿದರೆ ಗುಡ್ಡದ ಸಾಲಿನುದ್ದಕ್ಕೂ ಕೆಂಪು ದೀಪಗಳು ಮಿಣುಕ್ತಾ ಇರ್ತವೆ. ನಾನು ಚಿಕ್ಕವನಿದ್ದಾಗ ಅಲ್ಲಿ ಬರೀ ಕತ್ತಲೆ ಇತ್ತು. ಈಗ ಚಿತ್ರದುರ್ಗದ ಜೋಗಿಮಟ್ಟಿಯಿಂದ ಹಿಡಿದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಗಳ ತನಕ ಎಲ್ಲಿ ತಲೆ ಎತ್ತಿದರೂ ಗಾಳಿಯಂತ್ರ. ಪೇಪರಿನವರು ಪವನ ವಿದ್ಯುತ್ ಅಂತ ಬರೀತಾರೆ, ಪೇಟೆಯವರು ವಿಂಡ್‌ಮಿಲ್ ಅಂತಾರೆ, ನಮ್ಮೂರಲ್ಲಿ ಮಾತ್ರ ಅದು ‘ಫ್ಯಾನು’. ಮಳೆ ಕಮ್ಮಿ, ಗಾಳಿ ಜಾಸ್ತಿ ಅನ್ನೋದು ನಮ್ಮ ಜಿಲ್ಲೆಯ ಹಣೆಬರಹ. ಆ ಗಾಳಿಗೂ ಒಂದು ದಿನ ಬೆಲೆ ಬರುತ್ತೆ ಅಂತ ನಮ್ಮಪ್ಪ ಕನಸಲ್ಲೂ ಅಂದ್ಕೊಂಡಿರಲಿಲ್ಲ.

ಹೋದ ವರ್ಷ ಯುಗಾದಿಗೆ ಮುಂಚೆ ನಾನು ಊರಿಗೆ ಹೊರಟಿದ್ದು ಅಂಥ ಒಂದು ಫ್ಯಾನಿಗೆ ಸಹಿ ಹಾಕೋಕೆ.

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗೋ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ತೋಟದ ಹಿಂದೆ ಒಂದು ಗುಡ್ಡ, ಗುಡ್ಡದ ನೆತ್ತಿ ಮೇಲೆ ನಮ್ಮದು ಎರಡು ಎಕರೆ. ಒಳ್ಳೇ ಮಳೆಯಾದ ವರ್ಷ ಹುರುಳಿ ಚೆಲ್ತಿದ್ವಿ, ಉಳಿದಂತೆ ಬಂಡೆ, ಬಂದರಿಕೆ, ಕಳ್ಳಿ. ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ಅಣ್ಣನ ಹೆಸರು, ನನ್ನ ಹೆಸರು ಎರಡೂ ಕೂತಿವೆ. ಅಣ್ಣ ಫೋನ್ ಮಾಡಿದ್ದ.

“ಲೋ, ಫ್ಯಾನಿನೋರು ಬಂದಿದ್ರು ಕಣೋ. ಗುಡ್ಡದ ಮೇಲಿಂದು ಗುತ್ತಿಗೆಗೆ ಕೇಳ್ತಾ ಅವ್ರೆ. ಪಾಣಿಲಿ ನಿನ್ ಹೆಸರೂ ಐತೆ. ಒಂದ್ಸಲ ಬಂದು ಸಹಿ ಹಾಕಿ ಹೋಗ್ಬಿಡು.”

ಅಣ್ಣ ಕೇಳಿದ್ದಕ್ಕೆ ನಾನು ಇಲ್ಲ ಅಂದ ನೆನಪಿಲ್ಲ. ಅವನು ಪಿಯುಸಿಗೆ ಓದು ಬಿಟ್ಟು ತೋಟ ನೋಡ್ಕೊಂಡಿದ್ದರಿಂದಲೇ ನಾನು ಬಿಇ ಮುಗಿಸಿದ್ದು. ಆಮೇಲೆ ನಾಲ್ಕು ಬೋರು ಕೊರೆಸಿದ, ಮೂರರಲ್ಲಿ ಧೂಳು ಬಂತು. ಸುಳಿ ಬಿದ್ದ ತೆಂಗಿನ ಮರಗಳನ್ನ ಒಂದೊಂದಾಗಿ ಕಡಿಸಿ ಹಾಕುವಾಗ ನಾನು ಬೆಂಗಳೂರಿನ ಏಸಿಯಲ್ಲಿ ಕೂತು ಕೋಡ್ ಬರೀತಿದ್ದೆ. ಹಾಗಾಗಿ ಫೋನಲ್ಲಿ ಸರಿ ಅಂದೆ. ಆದರೆ ಅದಕ್ಕೆ ಒಂದು ವಾರ ಮುಂಚೆ ನಾನು ಒಂದು ಅಧ್ಯಯನ ಓದಿಬಿಟ್ಟಿದ್ದೆ ಅನ್ನೋದನ್ನ ಅವನಿಗೆ ಹೇಳಲಿಲ್ಲ.

ಅದು ಓತಿಕ್ಯಾತದ ಜಾತಿಗೆ ಸೇರಿದ ಒಂದು ಪ್ರಾಣಿಯ ಕಥೆ. ಮಹಾರಾಷ್ಟ್ರದ ಸಾತಾರಾ ಹತ್ತಿರ ಚಾಳಕೇವಾಡಿ ಅಂತ ಒಂದು ಪ್ರಸ್ಥಭೂಮಿ ಇದೆ. ಮೇಲೆ ಜಂಬಿಟ್ಟಿಗೆ ಕಲ್ಲು, ಹುಲ್ಲು, ಜೊತೆಗೆ ಎಷ್ಟೋ ವರ್ಷದಿಂದ ತಿರುಗುತ್ತಿರೋ ಗಾಳಿಯಂತ್ರಗಳು. ಅಲ್ಲಿ ಸರಡಾ ಸುಪರ್ಬಾ ಅನ್ನೋ ಹಲ್ಲಿ ಇದೆ. ಸರಡಾ ಅಂದರೆ ಮರಾಠಿಯಲ್ಲಿ ಓತಿಕ್ಯಾತ ಅಂತಲೇ ಅರ್ಥ. ಗಂಡಿನ ಗಂಟಲಡಿ ನೀಲಿ, ಕಪ್ಪು, ಕಿತ್ತಳೆ ಬಣ್ಣದ ಬೀಸಣಿಗೆ. ಹೆಣ್ಣು ಕಂಡರೆ ಅದನ್ನ ಬಿಚ್ಚಿ ತೋರಿಸುತ್ತೆ, ಇನ್ನೊಂದು ಗಂಡು ಕಂಡರೂ ಬಿಚ್ಚಿ ಹೆದರಿಸುತ್ತೆ. ಇದು ಬೇರೆಯದೇ ಜಾತಿ ಅಂತ ವಿಜ್ಞಾನಿಗಳು ಹೆಸರಿಟ್ಟಿದ್ದೇ 2016ರಲ್ಲಿ. ಸಾತಾರಾ ಸುತ್ತಿನ ಕೆಲವೇ ಪ್ರಸ್ಥಭೂಮಿಗಳು ಬಿಟ್ಟರೆ ಅದಕ್ಕೆ ಬೇರೆ ನೆಲೆ ಇಲ್ಲ. ಅಲ್ಲಿ ಕೆಟ್ಟರೆ ಮುಗೀತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಇದೆ. ಅಲ್ಲಿನ ಮಾರಿಯಾ ಠಾಕರ್, ಜೊತೆಗೆ ಅಮೋದ್ ಝಾಂಬ್ರೆ, ಹರ್ಷಲ್ ಭೋಸಲೆ ಸೇರಿಕೊಂಡು ಯಂತ್ರ ಇರೋ ಜಾಗ, ಇಲ್ಲದ ಜಾಗ ಎರಡನ್ನೂ ಹೋಲಿಸಿ ನೋಡಿದರು. 2018ರಲ್ಲಿ ಪ್ರಕಟವಾಯ್ತು. ಯಂತ್ರ ಇಲ್ಲದ ಕಡೆ ಗಿಡುಗ, ಹದ್ದಿನಂಥ ಬೇಟೆ ಹಕ್ಕಿಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು ಜಾಸ್ತಿ ಇದ್ದವು. ಯಂತ್ರ ಇದ್ದ ಕಡೆ ಹಕ್ಕಿ ಕಮ್ಮಿ, ಆದ್ದರಿಂದ ಹಲ್ಲಿಗಳ ಸಂಖ್ಯೆ ಜಾಸ್ತಿ.

ಇಲ್ಲಿಗೆ ಓದಿ ನಿಲ್ಲಿಸಿದ್ದರೆ ನಾನು ನೆಮ್ಮದಿಯಾಗಿ ಸಹಿ ಹಾಕ್ತಿದ್ದೆ. ಹಲ್ಲಿ ಜಾಸ್ತಿ ಆಯ್ತಲ್ಲ, ಇನ್ನೇನು ಬೇಕು?

ಆದರೆ ಅವರು ಎಣಿಸಿ ಸುಮ್ಮನಾಗಿರಲಿಲ್ಲ. ಒಂದೊಂದನ್ನೂ ಹಿಡಿದು ತೂಗಿದ್ದರು, ರಕ್ತ ಪರೀಕ್ಷೆ ಮಾಡಿದ್ದರು, ಗಂಟಲ ಬಣ್ಣವನ್ನ ಉಪಕರಣ ಇಟ್ಟು ಅಳೆದಿದ್ದರು. ಯಂತ್ರದ ಕೆಳಗಿನ ಹಲ್ಲಿಗಳು ಬಡಕಲಾಗಿದ್ದವು. ತಿನ್ನೋ ಬಾಯಿ ಜಾಸ್ತಿ ಆದಾಗ ಮೈಗೆ ಹತ್ತೋದು ಕಮ್ಮಿಯಾಗಿರಬಹುದು. ಗಾಬರಿಯಾದಾಗ ರಕ್ತದಲ್ಲಿ ಏರಬೇಕಾದ ಹಾರ್ಮೋನು ಅಷ್ಟಾಗಿ ಏರುತ್ತಿರಲಿಲ್ಲ. ಮನುಷ್ಯರು ತೀರಾ ಹತ್ತಿರ ಬರೋತನಕ ಅವು ಓಡುತ್ತಿರಲಿಲ್ಲ. ಇನ್ನು ಗಂಡುಗಳ ಗಂಟಲಿನ ಆ ಬಣ್ಣ ಮಂಕಾಗಿತ್ತು.

ಆ ಕೊನೆ ಮಾತು ನನ್ನ ತಲೇಲಿ ಕೂತುಬಿಡ್ತು. ಸಂಖ್ಯೆ ಹೆಚ್ಚಾಗಿದೆ, ಬಣ್ಣ ಮಾಸಿದೆ. ಹಲ್ಲಿಗೆ ಬಣ್ಣ ಅಂದರೆ ಬರೀ ಅಂದ ಅಲ್ಲ. ಗಂಡು ತಾನು ಎಂಥವನು ಅಂತ ಹೆಣ್ಣಿಗೂ ಎದುರಾಳಿಗೂ ಹೇಳೋದೇ ಅದರಲ್ಲಿ. ತಲೆ ಎಣಿಸಿ ಲೆಕ್ಕ ಬರೆದವನಿಗೆ ಇದು ಕಾಣೋದಿಲ್ಲ. ಅವು ತಮ್ಮ ತಮ್ಮಲ್ಲೇ ಹೇಗೆ ನಡ್ಕೊಳ್ತವೆ ಅಂತ ಕೂತು ನೋಡಿದವರಿಗೆ ಮಾತ್ರ ಕಾಣುತ್ತೆ.

ನಮ್ಮ ಗುಡ್ಡದ ಮೇಲೆ ಸರಡಾ ಇಲ್ಲ. ಬಂಡೆ ಓತಿಕ್ಯಾತ ಇದೆ. ಚಿತ್ರದುರ್ಗದ ಕೋಟೆ ಹತ್ತಿದವರೆಲ್ಲ ಇದನ್ನ ನೋಡಿರ್ತಾರೆ. ಏಳು ಸುತ್ತಿನಲ್ಲಿ ಎಲ್ಲಿ ನಿಂತರೂ ಎದುರಿನ ಹೆಬ್ಬಂಡೆ ಮೇಲೆ ಬೆನ್ನು ಕೆಂಪಗೆ, ಪಕ್ಕೆ ಕಪ್ಪಗೆ ಒಂದು ಗಂಡು ಮುಂಗಾಲ ಮೇಲೆ ದಂಡ ಹೊಡೀತಾ ಇರುತ್ತೆ. ಹೆಣ್ಣು, ಮರಿಗಳು ಬಂಡೆಯದೇ ಬಣ್ಣ. ಅಲ್ಲಾಡಿದಾಗ ಮಾತ್ರ ಕಾಣ್ತವೆ. ವಿಜ್ಞಾನಿಗಳಿಗೆ ಇದು ಸಾಮೊಫೈಲಸ್ ಡಾರ್ಸಾಲಿಸ್.

ಹುಡುಗರಾಗಿದ್ದಾಗ ನಮಗೆ ಅದು ಗುರಿ ಇಡೋ ವಸ್ತು. ಓತಿಕ್ಯಾತ ದಿಟ್ಟಿಸಿ ನೋಡಿದರೆ ನಮ್ಮ ರಕ್ತ ಹೀರುತ್ತೆ, ಅದಕ್ಕೇ ಅದರ ಕತ್ತು ಕೆಂಪಾಗೋದು ಅಂತ ನಂಬಿದ್ವಿ. ತಲೆ ಆಡಿಸಿದರೆ ನಮ್ಮನ್ನ ಅಣಕಿಸ್ತಿದೆ ಅಂತ ಲೆಕ್ಕ. ತೆಂಗಿನ ಗರಿಯ ಕಡ್ಡಿ ತುದಿ ಸೀಳಿ ಕುಣಿಕೆ ಮಾಡಿ ಮೆಲ್ಲಗೆ ಅದರ ಕತ್ತಿಗೆ ಹಾಕಿ ಎಳೀತಿದ್ದೆ. ಈ ಕೆಲಸದಲ್ಲಿ ನಮ್ಮ ಬೀದಿಗೆ ನಾನೇ ಫಸ್ಟು. ಹಿಡಿದದ್ದರ ಬಾಯಿಗೆ ಬೀಡಿ ಇಟ್ಟು ಹೊಗೆ ಬಿಡಿಸೋದು, ಆಮೇಲೆ ಕಲ್ಲು. ಎಷ್ಟು ಕೊಂದಿದ್ದೀನೋ ಲೆಕ್ಕ ಇಟ್ಟಿಲ್ಲ. ಪಿಯುಸಿಯಲ್ಲಿ ತೇಜಸ್ವಿಯವರ ‘ಕರ್ವಾಲೊ’ ಓದಿ ಹಾರುವ ಓತಿಯ ಹಿಂದೆ ಕಾಡಿಗೆ ಹೋದವರ ಜೊತೆ ನಾನೂ ಮನಸಲ್ಲೇ ಅಲೆದೆ. ಆದರೆ ಅದು ಮಲೆನಾಡಿನ ಅಪರೂಪದ ಓತಿ. ನಮ್ಮ ಹೊಲದ ಬಂಡೆ ಮೇಲಿನದನ್ನೂ ಹಾಗೆ ನೋಡಬಹುದು ಅಂತ ಹೊಳೆಯಲೇ ಇಲ್ಲ.

ಈಗ ಓದ್ತಾ ಹೋದಾಗ ತಿಳೀತು, ಹಲ್ಲಿ ಅಧ್ಯಯನ ಮಾಡೋರು ಹಿಡಿಯೋದೂ ನಾವು ಹಿಡೀತಿದ್ದ ಹಾಗೇ. ಉದ್ದ ಕಡ್ಡಿ, ತುದಿಗೆ ಕುಣಿಕೆ. ವ್ಯತ್ಯಾಸ ಇಷ್ಟೇ, ಅವರು ಅಳತೆ ತಗೊಂಡು, ಗುರುತು ಹಾಕಿ, ಹಿಡಿದ ಬಂಡೆ ಮೇಲೇ ವಾಪಸ್ ಬಿಡ್ತಾರೆ.

ಹಾಗೆ ನೋಡಿದವರು ಕಂಡುಕೊಂಡಿದ್ದೇನು ಕಡಿಮೆಯಲ್ಲ. ನಾವು ಓತಿಕ್ಯಾತ ಸುಮ್ಮನೆ ಬಣ್ಣ ಬದಲಾಯಿಸುತ್ತೆ ಅಂತೀವಿ. ಪಕ್ಷ ಬದಲಿಸೋ ರಾಜಕಾರಣಿಗೆ ಅದರ ಹೆಸರು ಇಟ್ಟು ಬಯ್ತೀವಿ. ಮಾರಿಯಾ ಠಾಕರ್ ಮತ್ತು ಅನುರಾಧಾ ಬಾಟಬ್ಯಾಲ್ ಬಂಡೆ ಓತಿಕ್ಯಾತದ ಗಂಡುಗಳನ್ನ ನೋಡಿದಾಗ ಆ ಬಣ್ಣಕ್ಕೆ ಒಂದು ವ್ಯಾಕರಣ ಇರೋದು ಗೊತ್ತಾಯ್ತು. ಹೆಣ್ಣಿನ ಮುಂದೆ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡಿನ ಮುಂದೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಹೆಣ್ಣಿಗೆ ತೋರಿಸುವಾಗ ಬಣ್ಣ ಎದ್ದು ಕಾಣಬೇಕು, ಜಗಳಕ್ಕೆ ನಿಂತಾಗ ಬೇಗ ಬದಲಾಗಬೇಕು. ಬೆಂಗಳೂರಿನ ಹೊರವಲಯದ ಓತಿಕ್ಯಾತಗಳು ಹಳ್ಳಿಯವಕ್ಕಿಂತ ಬೇಗ ಸುರಕ್ಷಿತ ಅಡಗುತಾಣ ಯಾವುದು ಅಂತ ಕಲೀತವೆ ಅನ್ನೋದೂ ಇವರ 2019ರ ಇನ್ನೊಂದು ಅಧ್ಯಯನ. ಅದೇ ಕೇಂದ್ರದ ಕವಿತಾ ಈಶ್ವರನ್ ತಂಡ ಆಂಧ್ರದ ರಿಷಿ ವ್ಯಾಲಿಯ ಬಂಡೆಗಳ ಮೇಲೆ ಒಂದೊಂದು ಗಂಡನ್ನೂ ಗುರುತು ಹಾಕಿ ಹಿಂಬಾಲಿಸಿತು. ಹೆಚ್ಚಿನವಕ್ಕೆ ಸಿಗೋದು ಒಂದೇ ಕಾಲ. ಬೇಸಿಗೆಯಲ್ಲಿ ಬಂಡೆ ಹಿಡಿದು, ಮಳೆಗಾಲ ಮುಗಿಯೋ ಹೊತ್ತಿಗೆ ಹೆಚ್ಚಿನ ಗಂಡುಗಳ ಕಥೆ ಮುಗಿದಿರುತ್ತೆ. ನಾನು ಒಂದು ಕಲ್ಲೆಸೆದರೆ ಅದರ ಇರೋ ಒಂದು ಅವಕಾಶಾನೂ ಹೋದ ಹಾಗೆ.

ಊರಿಗೆ ಹೋದ ದಿನ ಸಾಯಂಕಾಲ ಅಣ್ಣನ ಜೊತೆ ಗುಡ್ಡ ಹತ್ತಿದೆ. ವಿಷಯ ಹೇಳಿದೆ. ಅವನು ಪೂರ್ತಿ ಕೇಳಿಸ್ಕೊಂಡ. ಆಮೇಲೆ ಕೇಳಿದ.

“ಅಂದ್ರೆ ಏನು, ಓತಿಕ್ಯಾತ ಬಣ್ಣ ಕಳ್ಕಂತತೆ ಅಂತ ಫ್ಯಾನು ಬ್ಯಾಡ ಅಂತೀಯ?”

“ಬ್ಯಾಡ ಅಂತಿಲ್ಲಣ್ಣ.”

“ಮತ್ತೆ? ನಿಮ್ ಆಫೀಸಿನ ಲೈಟು, ಏಸಿ, ಅವೆಲ್ಲ ಎಲ್ಲಿಂದ ಬರ್ತಾವೆ? ಕಲ್ಲಿದ್ದಲು ಸುಟ್ರೆ ಹೊಗೆ ಅಂತೀರ, ಡ್ಯಾಮ್ ಕಟ್ಟಿದ್ರೆ ಮುಳುಗ್ತು ಅಂತೀರ. ಈ ಗಾಳಿಗೂ ಒಂದು ತಕರಾರು ತೆಗೀಬ್ಯಾಡ. ಈ ಗುಡ್ಡ ನಮಗೆ ಇಷ್ಟು ವರ್ಷ ಏನು ಕೊಟ್ಟೈತೆ? ಎರಡು ಸೇರು ಹುರುಳಿ.”

ಅವನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಗಾಳಿಯ ಕರೆಂಟು ಬೇಕು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ನನ್ನ ತಕರಾರು ಬೇರೆ. ನಮ್ಮ ದೇಶದಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಗೆ ಗಾಳಿಯಂತ್ರ ಸೇರಿಲ್ಲ. ಅರಣ್ಯ ಭೂಮಿ ಆದರೆ 1980ರ ಅರಣ್ಯ ಕಾಯ್ದೆ ಪ್ರಕಾರ ಅನುಮತಿ ಬೇಕು. ನಮ್ಮಂಥ ಖಾಸಗಿ ಜಮೀನಿನಲ್ಲಿ ಯಂತ್ರ ನಿಲ್ಲಿಸೋ ಮುಂಚೆ ಇಲ್ಲಿ ಯಾವ ಹಕ್ಕಿ ಹಾರುತ್ತೆ, ಯಾವ ಹುಳ ಹರಿಯುತ್ತೆ ಅಂತ ಆ ಅಧಿಸೂಚನೆ ಪ್ರಕಾರ ಕೇಳೋರಿಲ್ಲ. ಪಹಣಿ ನೋಡ್ತಾರೆ, ಗಾಳಿ ವೇಗ ನೋಡ್ತಾರೆ, ಅಷ್ಟೆ.

ಕಾಯ್ದೆ ಇದ್ದರೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ಉಡವನ್ನೇ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿ ಜೊತೆಗೆ ಉಡವೂ ಇದೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು. 2022ರ ತಿದ್ದುಪಡಿ ಆದ ಮೇಲೆ ದಂಡ ಕಮ್ಮಿ ಅಂದರೂ 25,000 ರೂಪಾಯಿ. ಆದರೂ ಸೊಂಟನೋವಿಗೆ ಒಳ್ಳೇದು ಅಂತ ತಿನ್ನೋರು ಇದ್ದಾರೆ. ಗಂಡು ಉಡದ ಜನನಾಂಗವನ್ನ ಒಣಗಿಸಿ, ಅದೊಂದು ಗಿಡದ ಬೇರು, ಮನೇಲಿಟ್ಟರೆ ಅದೃಷ್ಟ ಬರುತ್ತೆ ಅಂತ ‘ಹಾಥಾ ಜೋಡಿ’ ಹೆಸರಲ್ಲಿ ಆನ್‌ಲೈನಿನಲ್ಲೇ ಮಾರ್ತಿದ್ದದ್ದು 2017ರಲ್ಲಿ ಬಯಲಾಯ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಇದೇ ಗುಡ್ಡದ ಹುತ್ತದಲ್ಲಿ ಉಡ ಇದೆ ಅಂತ ಹಿಡಿಯೋರಿಗೆ ಬೆರಳು ಮಾಡಿ ತೋರಿಸಿದವನು ನಾನೇ. ಅಪ್ಪನ ಸೊಂಟ ನೋವಿಗೆ ಅಂತ. ಅಪ್ಪನ ನೋವು ಹೋಗಲಿಲ್ಲ. ಆ ಹುತ್ತದಲ್ಲಿ ಆಮೇಲೆ ನಾನು ಉಡ ನೋಡಲಿಲ್ಲ.

ಉಡಕ್ಕೆ ಪಟ್ಟಿಯಲ್ಲಾದರೂ ಜಾಗ ಇದೆ. ಬಂಡೆ ಓತಿಕ್ಯಾತಕ್ಕೆ ಅಳಿವಿನ ಭಯ ಇಲ್ಲ ಅಂತಲೇ ಲೆಕ್ಕ, ಅದು ನಿಜಾನೂ ಹೌದು. ದಕ್ಷಿಣದ ಬಂಡೆಗಳ ಮೇಲೆಲ್ಲ ಇದೆ. ಹಾಗಾದರೆ ನನಗ್ಯಾಕೆ ಚಿಂತೆ? ಯಾಕಂದರೆ ಯಾವುದೂ ಒಂದೇ ದಿನ ಪಟ್ಟಿಗೆ ಸೇರೋದಿಲ್ಲ. ತಲೆ ಎಣಿಸಿದಾಗ ಎಲ್ಲ ಸರಿ ಇರುತ್ತೆ, ನಡವಳಿಕೆ ಅಷ್ಟೊತ್ತಿಗೆ ಬದಲಾಗಿರುತ್ತೆ. ಚಾಳಕೇವಾಡಿಯಲ್ಲಿ ಯಂತ್ರ ಬರೋ ಮುಂಚೆ ಆ ಹಲ್ಲಿಗಳು ಹೇಗಿದ್ದವು ಅಂತ ಯಾರಾದರೂ ಹೀಗೆ ಬರೆದಿಟ್ಟಿದ್ದರೆ ಪಕ್ಕದ ಜಾಗದ ಜೊತೆ ಹೋಲಿಸೋದರ ಜೊತೆಗೆ ಹಿಂದಿನದರ ಜೊತೆಗೂ ಹೋಲಿಸಬಹುದಿತ್ತು. ಕರೆಂಟ್ ಮೀಟರಿಗೆ ಹೋದ ತಿಂಗಳ ರೀಡಿಂಗೇ ಇಲ್ಲದಿದ್ದರೆ ಈ ತಿಂಗಳ ಬಿಲ್ಲು ಹೇಗೆ ಹಾಕ್ತೀರಿ? ನಮ್ಮ ಗುಡ್ಡದಲ್ಲಿ ಇನ್ನೂ ಯಂತ್ರ ಬಂದಿಲ್ಲ. ಹಳೇ ರೀಡಿಂಗ್ ತಗೊಳ್ಳೋಕೆ ಇದೊಂದೇ ಸಮಯ.

ಅಣ್ಣನಿಗೆ ಹೇಳಿದೆ. “ಸಹಿ ಹಾಕ್ತೀನಿ. ಆದ್ರೆ ಮೂರು ತಿಂಗಳು ಟೈಮ್ ಕೊಡು.”

“ಅವ್ರು ಪಕ್ಕದ ಹೊಲದೋರ್ನ ಕೇಳ್ಕಂಡು ಹೋದ್ರೆ?”

“ಹೋದ್ರೆ ಅದು ನನ್ನ ತಪ್ಪು.”

ಅವನು ಮಾತಾಡಲಿಲ್ಲ. ಅವತ್ತು ರಾತ್ರಿ ಊಟಕ್ಕೂ ನನ್ನ ಪಕ್ಕ ಕೂರಲಿಲ್ಲ. ಅತ್ತಿಗೆ ಮುದ್ದೆ ಇಕ್ಕುತ್ತಾ, “ಅವ್ರಿಗೆ ಸಾಲದ ಚಿಂತೆ ಕಣಪ್ಪ, ನಿನ್ ಮೇಲೆ ಸಿಟ್ಟಲ್ಲ” ಅಂದರು. ನನಗೆ ಗಂಟಲಲ್ಲಿ ತುತ್ತು ಇಳೀಲಿಲ್ಲ.

ಏಪ್ರಿಲ್‌ನಿಂದ ಎರಡು ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ಬಸ್ಸು ಹತ್ತೋದು, ಶನಿವಾರ, ಭಾನುವಾರ ಬೆಳಿಗ್ಗೆ ಗುಡ್ಡದ ಮೇಲೆ ಕೂರೋದು. ಜೊತೆಗೆ ಅಣ್ಣನ ಮಗ, ಎಂಟನೇ ಕ್ಲಾಸು. ಮೊದಲ ದಿನ ಅವನು ಉತ್ಸಾಹದಿಂದ ಬಂದ. ಕೈಯಲ್ಲಿ ತೆಂಗಿನ ಗರಿಯ ಕಡ್ಡಿ, ತುದಿಯಲ್ಲಿ ಕುಣಿಕೆ.

“ಚಿಕ್ಕಪ್ಪ, ಹಿಡಿಯೋದು ನಂಗೆ ಬರುತ್ತೆ.”

ಯಾರು ಹೇಳಿಕೊಟ್ಟರು ಅಂತ ಕೇಳೋ ಧೈರ್ಯ ಆಗಲಿಲ್ಲ. ಕಡ್ಡಿ ಈಸ್ಕೊಂಡು ಪಕ್ಕಕ್ಕಿಟ್ಟೆ. ಹಿಡಿಯೋದಕ್ಕೆ ತರಬೇತಿ ಬೇಕು, ಅನುಮತಿ ಬೇಕು, ನಾವು ಬರೀ ನೋಡೋದು ಅಂದೆ. ಅವನ ಮುಖ ಸಣ್ಣದಾಯ್ತು.

ನಮ್ಮ ವಿಧಾನ ಸರಳ. ಯಂತ್ರ ಬರೋ ಕಡೆ ಬಂಡೆಗಳ ಸಾಲು ಒಂದು. ಅದೇ ಥರದ ಇನ್ನೊಂದು ಸಾಲು ಎದುರಿನ ಗುಡ್ಡದಲ್ಲಿ. ಅಲ್ಲಿ ಸದ್ಯಕ್ಕೆ ಯಾರೂ ಫ್ಯಾನು ಕೇಳಿಲ್ಲ. ಎರಡೂ ಕಡೆ ಒಂದೇ ಹೊತ್ತಿಗೆ, ಬಿಸಿಲು ಬಂಡೆಗೆ ಬಿದ್ದ ಮೇಲೆ. ಚಳಿಗೆ ಮೈ ಬಿಸಿಯಾಗದ ಓತಿಕ್ಯಾತ ಬೇರೆ ಥರ ಓಡುತ್ತೆ, ಅದನ್ನ ಬಿಸಿಲಲ್ಲಿ ಕಾದದ್ದರ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತೆ. ಗಂಡು ಕಂಡ ಕೂಡಲೇ ಹತ್ತು ನಿಮಿಷ ದೂರದಿಂದ ನೋಡಿ ಎಷ್ಟು ಸಲ ದಂಡ ಹೊಡೀತು, ಎದುರಿಗೆ ಯಾರಿದ್ದರು, ಬೆನ್ನು ಯಾವ ಬಣ್ಣ ಇತ್ತು ಅಂತ ಬರೆಯೋದು. ಆಮೇಲೆ ನೇರ ಅದರ ಕಡೆಗೆ ಒಂದೇ ವೇಗದಲ್ಲಿ ನಡೆಯೋದು. ಓಡಿದ ತಕ್ಷಣ ನಿಂತು ಟೇಪು ಹಿಡಿದು ದೂರ ಅಳೆಯೋದು. ಆಕಾಶದಲ್ಲಿ ಬೇಟೆ ಹಕ್ಕಿ ಕಂಡರೆ ಗಂಟೆ ಬರೆಯೋದು.

ಬಣ್ಣಕ್ಕೆ ಫೋನಿನ ಫೋಟೋ ಸಾಕು ಅಂತ ಹುಡುಗ ಅಂದ. ನನ್ನ ಕಸುಬು ಅಲ್ಲಿ ಕೆಲಸಕ್ಕೆ ಬಂತು. ಫೋನು ನಮಗೆ ಚೆಂದ ಕಾಣಲಿ ಅಂತ ಬಣ್ಣವನ್ನ ತಾನೇ ತಿದ್ದುತ್ತೆ. ಮೋಡ ಇದ್ದಾಗ ಒಂದು ಕೆಂಪು, ಬಿಸಿಲಿದ್ದಾಗ ಇನ್ನೊಂದು ಕೆಂಪು. ಅದಕ್ಕೆ ಬೂದು ಬಣ್ಣದ ಒಂದು ರಟ್ಟು ಕತ್ತರಿಸಿ ಫೋಟೋದಲ್ಲಿ ಬಂಡೆ ಪಕ್ಕ ಬರೋ ಹಾಗೆ ಇಟ್ವಿ. ಆ ಬೂದು ಎಲ್ಲ ಫೋಟೋದಲ್ಲೂ ಒಂದೇ ಆಗೋ ಹಾಗೆ ಸರಿಪಡಿಸಿದರೆ ಓತಿಕ್ಯಾತದ ಕೆಂಪನ್ನ ಸ್ವಲ್ಪ ನಂಬಬಹುದು. ವಿಜ್ಞಾನಿಗಳ ಉಪಕರಣದ ಮುಂದೆ ಇದು ಏನೇನೂ ಅಲ್ಲ. ಏನೂ ಇಲ್ಲದ್ದಕ್ಕಿಂತ ವಾಸಿ.

ಮೊದಲ ಎರಡು ವಾರ ಏನೂ ತಿಳೀಲಿಲ್ಲ. ಮೂರನೇ ಸಲಕ್ಕೆ ಒಂದೊಂದೇ ಗುರುತು ಹತ್ತೋಕೆ ಶುರುವಾಯ್ತು. ಎತ್ತರದ ಬಂಡೆ ಯಜಮಾನನಿಗೆ ಬಾಲದ ತುದಿ ಇಲ್ಲ. ಹುಡುಗ ಅದಕ್ಕೆ ‘ಪಾಳೇಗಾರ’ ಅಂತ ಹೆಸರಿಟ್ಟ. ಪಾಳೇಗಾರನ ಬಂಡೆಯ ಆಸುಪಾಸಿನಲ್ಲಿ ಮೂರು ಹೆಣ್ಣು. ಕೆಳಗಿನ ಸಣ್ಣ ಬಂಡೆಯಿಂದ ಒಂದು ಎಳೇ ಗಂಡು ಬಂದು ಅಂಚಿನಲ್ಲಿ ದಂಡ ಹೊಡೀತಿತ್ತು. ಪಾಳೇಗಾರ ಮೇಲಿಂದ ನೋಡ್ತಿದ್ದ. ಕೆಂಪಿದ್ದ ಬೆನ್ನು ನಾವು ನೋಡ್ತಾ ನೋಡ್ತಾ ಹಳದಿಗೆ ತಿರುಗ್ತು, ಪಕ್ಕೆ ಕಪ್ಪು ಹೋಗಿ ಕಿತ್ತಳೆ ಬಂತು. ಓದಿದ್ದು ಕಣ್ಣಮುಂದೆ ಆದಾಗ ನನ್ನ ಮೈ ಜುಂ ಅಂತು. ಎಳೇದು ಎರಡು ಸಲ ತಲೆ ಆಡಿಸಿ ಕೆಳಗಿಳೀತು. ಕಚ್ಚಾಟ ಆಗಲೇ ಇಲ್ಲ.

“ಚಿಕ್ಕಪ್ಪ, ಅದು ನಮಗೆ ತಲೆ ಆಡಿಸ್ತಿರಲೇ ಇಲ್ಲ ಅಲ್ವಾ?” ಅಂದ ಹುಡುಗ.

ಹೌದು. ಅಷ್ಟು ವರ್ಷ ನಾವು ಕಲ್ಲು ಹೊಡೆದದ್ದು ನಮಗೆ ಸಂಬಂಧವೇ ಇಲ್ಲದ ಮಾತಿಗೆ. ಅವರವರ ಮನೆ ಜಗಳ, ಮದುವೆ ಮಾತುಕತೆ ಅದು. ನಡುವೆ ಹೋಗಿ ನಮ್ಮನ್ನ ಅಣಕಿಸ್ತಿದೆ ಅಂದ್ಕೊಂಡಿದ್ವಿ.

ಮೇ ತಿಂಗಳ ಒಂದು ಬೆಳಿಗ್ಗೆ ಗಿಡುಗ ಬಂತು. ಮೊದಲು ನಾವು ನೋಡಲಿಲ್ಲ. ಬಂಡೆ ಮೇಲೆ ಕಂಡ ಐದಾರು ಓತಿಕ್ಯಾತಗಳು ಒಟ್ಟಿಗೆ ಹೊಟ್ಟೆ ನೆಲಕ್ಕೆ ಹಚ್ಚಿದವು. ಪಾಳೇಗಾರನ ಬಣ್ಣ ಕಂದಿ ಬಂಡೆ ಜೊತೆ ಸೇರಿಹೋಯ್ತು. ಆಮೇಲೆ ನೆರಳು ಹಾಯ್ತು. ನೆರಳು ದಾಟಿ ಎಷ್ಟೋ ಹೊತ್ತಾದ ಮೇಲೆ ಮೊದಲು ತಲೆ ಎತ್ತಿದ್ದು ಒಂದು ಹೆಣ್ಣು. ನಾನು ಗಡಿಯಾರ ನೋಡಿ ಬರ್ಕೊಂಡೆ. ಬರೀವಾಗ ಒಂದು ಅನ್ನಿಸ್ತು. ಅಷ್ಟು ಎದ್ದು ಕಾಣೋ ಕೆಂಪನ್ನ ಹೊತ್ಕೊಂಡು ಬಂಡೆ ತುದಿಯಲ್ಲಿ ಕೂರೋದಕ್ಕೆ ಬೆಲೆ ಇರೋದೇ ಮೇಲೆ ಗಿಡುಗ ಇರೋದರಿಂದ. ಇಷ್ಟು ಅಪಾಯ ಇದ್ದೂ ಬದುಕಿದ್ದೀನಿ ನೋಡು ಅಂತ ತಾನೇ ಅದು ಹೆಣ್ಣಿಗೆ ಹೇಳ್ತಿರೋದು? ಇದು ನನ್ನ ಊಹೆ. ಆದರೆ ಚಾಳಕೇವಾಡಿಯ ಮಂಕು ಬಣ್ಣ ನನಗೆ ಅರ್ಥವಾಗಿದ್ದು ಪೇಪರ್ ಓದಿದಾಗಲ್ಲ, ಆ ನೆರಳು ನಮ್ಮ ಮೇಲೂ ಹಾದು ಹೋದಾಗ.

ಜುಲೈಯಲ್ಲಿ ಫ್ಯಾನಿನವರ ಏಜೆಂಟ್ ಮತ್ತೆ ಬಂದ. ಪುಣ್ಯಕ್ಕೆ ಬೇರೆಯವರ ಕಾಗದ ಪತ್ರಗಳೂ ತಡವಾಗಿ ನಮ್ಮ ಜಾಗ ಇನ್ನೂ ಅವರಿಗೆ ಬೇಕಿತ್ತು. ಗುಡ್ಡದ ಮೇಲೆ ನಿಂತು ನಕ್ಷೆ ಬಿಚ್ಚಿದ. ಯಂತ್ರದ ರೆಕ್ಕೆ ಹೊತ್ತ ಉದ್ದನೆ ಲಾರಿ ತಿರುಗಬೇಕಲ್ಲ, ಅದಕ್ಕೆ ಅಗಲ ರಸ್ತೆ ಬೇಕು. ರಸ್ತೆ ಗೆರೆ ಪಾಳೇಗಾರನ ಬಂಡೆ ಸಾಲಿನ ಮೇಲೇ ಹಾದಿತ್ತು. ಸಿಡಿಮದ್ದು ಇಟ್ಟು ತೆಗೀತೀವಿ, ಎರಡು ದಿನದ ಕೆಲಸ ಅಂದ.

ನಾನು ಬಾಯಿ ತೆರೆಯೋ ಮುಂಚೆ ಅಣ್ಣ ಹೇಳಿದ. “ಆ ಬಂಡೆ ಸಾಲು ಮುಟ್ಟಂಗಿಲ್ಲ. ರೋಡು ಮೂಡಲ ಕಡೆಯಿಂದ ತರ್ರಿ.”

“ಯಾಕೆ ಸ್ವಾಮಿ?”

“ಅಲ್ಲಿ ನಮ್ ದೇವ್ರು ಐತೆ.”

ಏಜೆಂಟ್ ಮರುಮಾತಾಡದೆ ಪೆನ್ಸಿಲ್ ತೆಗೆದು ಗೆರೆ ಬದಲಾಯಿಸಿದ. ಕರಾರಿನಲ್ಲೂ ಬರೆಸಿದ್ವಿ. ಇಳೀತಾ ನಾನು ಅಣ್ಣನ್ನ ಕೇಳಿದೆ, ಅಲ್ಲಿ ಯಾವ ದೇವರಿದೆ ಅಂತ. ಅವನು ನಕ್ಕ.

“ಓತಿಕ್ಯಾತ ಅಂದ್ರೆ ನಗ್ತಾರೆ. ದೇವ್ರು ಅಂದ್ರೆ ಬರ್ಕಂತಾರೆ. ನನ್ ಮಗ ದಿನಾ ರಾತ್ರಿ ಪಾಳೇಗಾರ ಅಂತ ತಲೆ ತಿಂದವ್ನೆ.”

ಹೊಸದುರ್ಗದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿದ್ವಿ. ಆ ಕಾಗದಕ್ಕೆ ಸಹಿ ಹಾಕಿದ್ದು ಸರಿಯೋ ತಪ್ಪೋ ಅಂತ ಕೇಳಿದರೆ ನಾನು ಒಂದೇ ಮಾತಲ್ಲಿ ಹೇಳಲಾರೆ. ಅಣ್ಣನ ಸಾಲ ಒಂದಷ್ಟು ತೀರಿತು. ಗುಡ್ಡದ ಗಿಡುಗ ಮುಂದೆ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ರಸ್ತೆ ಸರಿಸಿದ್ದರಿಂದ ಬಂಡೆ ಉಳೀತು. ಆದರೆ ಮೇಲಿನ ಆಕಾಶವನ್ನ ಹಾಗೆ ಪೆನ್ಸಿಲಲ್ಲಿ ಸರಿಸೋಕೆ ಬರೋದಿಲ್ಲ. ಒಂದು ಗುಡ್ಡ, ಒಂದು ಎದುರುಗುಡ್ಡದ ಲೆಕ್ಕದಿಂದ ಏನೂ ಸಾಬೀತು ಆಗೋದಿಲ್ಲ ಅನ್ನೋದೂ ಗೊತ್ತು. ನಮ್ಮ ನಾಲ್ಕು ತಾಲ್ಲೂಕಿನ ಗುಡ್ಡಗಳಲ್ಲಿ ಹೊಸ ಯಂತ್ರ ಬರೋ ಕಡೆಯೆಲ್ಲ, ಹತ್ತಿರದ ಹೈಸ್ಕೂಲಿನ ಮಕ್ಕಳು ಒಂದು ಬೇಸಿಗೆ ಮುಂಚೆ ಇಂಥ ಒಂದು ನೋಟ್‌ಬುಕ್ ಶುರು ಮಾಡಿದರೆ ಆಗ ಅದು ಲೆಕ್ಕಕ್ಕೆ ಬರುತ್ತೆ. ಬೇಕಾಗಿರೋದು ಒಂದು ಟೇಪು, ಒಂದು ಗಡಿಯಾರ, ಬೂದು ರಟ್ಟು, ಸುಮ್ಮನೆ ಕೂರೋ ತಾಳ್ಮೆ.

ಯಂತ್ರ ಇನ್ನೂ ನಿಂತಿಲ್ಲ. ಪಾಳೇಗಾರ ಸೆಪ್ಟೆಂಬರ್ ಹೊತ್ತಿಗೆ ಕಾಣಿಸೋದು ನಿಲ್ಲಿಸಿದ, ಅವನ ಕಾಲ ಮುಗಿದಿತ್ತು. ಈ ಏಪ್ರಿಲ್‌ನಲ್ಲಿ ಆ ಎತ್ತರದ ಬಂಡೆ ಮೇಲೆ ಬೇರೆ ಗಂಡು ಬಂದಿದೆ. ಹುಡುಗ ಭಾನುವಾರ ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸ್ತಾನೆ, ಓಡಿದ ದೂರ ಇಷ್ಟು, ದಂಡ ಇಷ್ಟು, ಬೆನ್ನು ಕೆಂಪು, ಹಕ್ಕಿ ಒಂದು.

ನಮ್ಮ ಕಡೆ ಗಾದೆ ಇದೆ, ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಅಂತ. ಸುಳ್ಳು ಹೇಳೋನಿಗೆ ಅವನಂಥವನೇ ಹೌದು ಹೌದು ಅಂತ ಸಾಕ್ಷಿ ಹೇಳಿದಾಗ ಬಳಸೋ ಮಾತು. ಇಷ್ಟು ದಿನ ಆ ಓತಿಕ್ಯಾತ ಏನು ಹೇಳ್ತಿತ್ತು ಅಂತ ಯಾರೂ ಕೇಳಿರಲಿಲ್ಲ, ಅದಕ್ಕೇ ಬೇಲಿಗೂಟ ಸಾಕಾಗಿತ್ತು. ಈಗ ಅದಕ್ಕೆ ಒಂಬತ್ತನೇ ಕ್ಲಾಸಿನ ಒಬ್ಬ ಸಾಕ್ಷಿ ಇದ್ದಾನೆ. ಅವನ ಕೈಯಲ್ಲಿ ಕುಣಿಕೆ ಬದಲು ಪೆನ್ನಿದೆ.